ಮರುಭೂಮಿಯಲ್ಲಿ ನನ್ನ ಫೀಲ್ಡಿಂಗ್

ಕಂಪ್ಯೂಟರುಗಳ ವೈ-ಟು-ಕೆ ರಿಪೇರಿ ಕೆಲಸಕ್ಕೆ ಅಂತ ನ್ಯೂಜೆರ್ಸಿಯಿಂದ ನನ್ನನ್ನು ಅರಿಝೋನಾಕ್ಕೆ ಕಳಿಸಿದ್ದರು. ಭಾನುವಾರ ಹೋಟೆಲ್ಲಿನಲ್ಲಿ ಕೂತು ಕೂತು ಬೇಜಾರಾಗಿ ಪಕ್ಕದ ಪಬ್ಲಿಕ್ ಗಾಲ್ಫ್ ಕೋರ್ಸಿಗೆ ಹೋದೆ. ಕೌಂಟರಿನವಳು, ಒಂಟಿಯಾಗಿ ಬಂದಿದ್ದ ವಾಲ್ಟರ್ ಅನ್ನೋ ಮುದುಕರ ಜೊತೆ ನನ್ನನ್ನು ಸೇರಿಸಿದಳು.

ಸುತ್ತ ಮರಳು, ಕಳ್ಳಿ. ನಡುವೆ ಮಾತ್ರ ಬಣ್ಣ ಬಳಿದ ಹಾಗೆ ಹುಲ್ಲು. ನನ್ನ ಚೆಂಡುಗಳೆಲ್ಲ ಕಳ್ಳಿಯ ಪಾಲಾಗಿ, ಕೊನೆಯ ಕುಳಿಯ ಹೊತ್ತಿಗೆ ನಾನು ಬರೀ ಪ್ರೇಕ್ಷಕ.

"ಈ ಚೆಂಡು ಕುಳಿಗೆ ಬಿದ್ದರೆ ಜೀವನದಲ್ಲಿ ಮೊದಲ ಸಲ ನೂರು ಹೊಡೆತದೊಳಗೆ ಮುಗಿಸ್ತೀನಿ. ಕುಳಿಯಲ್ಲಿ ನೆಟ್ಟಿರೋ ಆ ಬಾವುಟ ತೆಗೆದು ಹಿಡ್ಕೊಂಡಿರು," ಅಂದರು ವಾಲ್ಟರ್.

ಬಾವುಟ ಕಿತ್ತು ಕುಳಿಯ ಹಿಂದೆ ನಿಂತೆ. ಚೆಂಡು ನೆಟ್ಟಗೆ ನನ್ನ ಕಡೆಗೇ ಉರುಳಿ ಬಂತು. ಕುಳಿಗೆ ಇನ್ನೊಂದು ಗೇಣು ಇರುವಾಗ ಬಗ್ಗಿ ಹಿಡಿದು, ಅವರ ಕಾಲಬುಡಕ್ಕೇ ನೀಟಾಗಿ ಎಸೆದೆ. ಚೆಂಡು ನಮ್ಮ ಕಡೆ ಬಂದರೆ ಇನ್ನೇನು ಮಾಡೋದು? ಚಿಕ್ಕಂದಿನಿಂದ ಮಾಡಿದ್ದೇ ಅದು.

ವಾಲ್ಟರ್ ಚೆಂಡನ್ನು ನೋಡಿದರು, ನನ್ನನ್ನು ನೋಡಿದರು. ಸಿಟ್ಟೋ ನಗುವೋ, ನನಗಂತೂ ತಿಳಿಯಲಿಲ್ಲ.

"ಯಾಕೆ?"

"ಬಿಸಿಲಲ್ಲಿ ನೀವು ಇಲ್ಲಿ ತನಕ ಬರಬೇಕಲ್ಲ ಅಂತ..."

ಅವರು ಚೆಂಡನ್ನು ಜೇಬಿಗೆ ಹಾಕಿಕೊಂಡು, "ಒಳಗೆ ಹೋಗ್ತಿತ್ತಾ?" ಅಂತ ಮೆಲ್ಲಗೆ ಕೇಳಿದರು. ಹೌದು ಅಂದರೆ ತಪ್ಪು ನನ್ನದು, ಇಲ್ಲ ಅಂದರೆ ಅವರದು. ನಾನು ಬಗ್ಗಿ ಬಾವುಟವನ್ನು ಮತ್ತೆ ಕುಳಿಯಲ್ಲಿ ನೆಟ್ಟೆ.

ನ್ಯೂಜೆರ್ಸಿಯ ಕೆಂಡಲ್ ಪಾರ್ಕಿಗೆ ವಾಪಸು ಬಂದ ಮೇಲೆ ನಮ್ಮ ಶನಿವಾರದ ಕ್ರಿಕೆಟ್ ಟೀಮಿಗೆ ಇದನ್ನೆಲ್ಲ ಹೇಳಿದೆ. ಕ್ಯಾಪ್ಟನ್ ಗಂಭೀರವಾಗಿ ಒಂದೇ ಪ್ರಶ್ನೆ ಕೇಳಿದ: "ಒಂದೇ ಕೈಯಲ್ಲಿ ಹಿಡಿದ್ಯಾ?"