ಹೀರಾಬಾಯಿಯ ಐಸು, ಸೊಸೆಯ ಕೆನ್ನೆ

ಕಾರವಾರದ ಮೀನುಪೇಟೆಯಲ್ಲಿ ಹೀರಾಬಾಯಿಯ ಕಣ್ಣಿಗೆ ಮೋಸ ಮಾಡಿದವರಿಲ್ಲ. ಇಪ್ಪತ್ತೆಂಟು ವರ್ಷ ಬಂಗಡೆ ಮಾರಿದ ಅವಳು ಮೀನಿನ ಚರ್ಮ ನೋಡಿಯೇ ಅದು ಬಲೆಗೆ ಬಿದ್ದ ಹೊತ್ತು ಹೇಳುತ್ತಿದ್ದಳು. ಹೊಳೆದರೆ ತಾಜಾ, ಮಂಕಾದರೆ ಐಸು ಹಾಕಬೇಕು. ಜಗತ್ತಿನ ಎಲ್ಲ ಚರ್ಮಕ್ಕೂ ಇದೇ ಕಾನೂನು ಎಂದು ನಂಬಿದ್ದಳು, ಪುಣ್ಯಾತ್ಗಿತ್ತಿ.

2006ರಲ್ಲಿ ಮಗ ನಿತೇಶನ ಹೆಂಡತಿ ಮನಿಷಾ ಬಸುರಿಯಾದಳು. ಐದನೇ ತಿಂಗಳಿಗೆ ಅವಳ ಕೆನ್ನೆ, ಹಣೆಯ ಮೇಲೆಲ್ಲ ಕಂದು ಕಲೆ ಎದ್ದವು. ಹೀರಾಬಾಯಿ ಸೊಸೆಯನ್ನು ಬಾಗಿಲ ಬೆಳಕಿಗೆ ಎಳೆದು, ಗಲ್ಲ ಹಿಡಿದು ಅತ್ತಿತ್ತ ತಿರುಗಿಸಿ, ಕೆನ್ನೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಮೂಸಿಯೂ ನೋಡಿದಳು. ಆಮೇಲೆ ಮೀನಿನ ಪೆಟ್ಟಿಗೆಯ ಐಸನ್ನೇ ಬಟ್ಟೆಯಲ್ಲಿ ಕಟ್ಟಿ ಎರಡೂ ಕೆನ್ನೆಗೆ ಹಿಡಿದಳು. ಎಂಟು ದಿನ ಹೀಗೇ ನಡೆಯಿತು. ಕಲೆ ಹೋಗಲಿಲ್ಲ. ಮನಿಷಾಗೆ ಶೀತ ಹತ್ತಿತು, ಮನೆಯ ಬೆಕ್ಕು ಅವಳ ಬೆನ್ನು ಬಿಡದಾಯಿತು.

ತಪಾಸಣೆಗೆ ಮನೆಗೆ ಬಂದ ನರ್ಸಬಾಯಿ ನಕ್ಕುಬಿಟ್ಟಳು. "ಇದು ಬಂಗು. ಬಸುರಿಲಿ ಹಾರ್ಮೋನು ಏರ್ತದೆ, ಅದಕ್ಕೇ ಚರ್ಮ ಕಪ್ಪಾಗ್ತದೆ. ಬಿಸಿಲಿಗೆ ಕಳಿಸಬೇಡಿ, ಸಾಕು. ಹೆತ್ತ ಮೇಲೆ ನಿಧಾನಕ್ಕೆ ಮಾಸ್ತದೆ."

"ನಾನೂ ಹೆತ್ತವಳೇ. ನಂಗೆ ಎಂತಕ್ಕೆ ಬರ್ಲಿಲ್ಲ?" ಎಂದು ಹೀರಾಬಾಯಿ ಸೆಟೆದಳು.

ಜಗಲಿಯಲ್ಲಿ ಹರಿದ ಬಲೆ ಹೊಲಿಯುತ್ತಿದ್ದ ಗಂಡ ಪುಂಡಲೀಕ ತಲೆ ಎತ್ತದೆಯೇ ಹೇಳಿದ:

"ಬಂದಿತ್ತು. ನಿತೇಶ ಹೊಟ್ಟೇಲಿದ್ದಾಗ ನಿನ್ನ ಮೋರೆ ಥೇಟ್ ಹಿಂಗೇ ಇತ್ತು. ನಾನು ಮೂಸಿ ನೋಡ್ಲಿಲ್ಲ, ಅಷ್ಟೇ."