ಅಜ್ಜಿ ಕೊಟ್ಟ ಸ್ಪೀಡ್ ಟ್ರೈನಿಂಗ್

ಹಿಪ್ಪುನೇರಳೆ ಕಡ್ಡಿ ಹಿಡಿದು ನನ್ನ ಅತ್ತೆ ಮೊಮ್ಮಗಳನ್ನು ತೋಟದ ತುಂಬ ಅಟ್ಟಿಸಿಕೊಂಡು ಹೋಗುತ್ತಿದ್ದರು. ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಆಡುವ ನನ್ನ ಮಗಳು ಅಭ್ಯಾಸ ಮುಗಿಸಿ ಬಂದವಳೇ ಕಾಲಿಗೆ ನೋವಿನ ಸ್ಪ್ರೇ ಹೊಡೆದುಕೊಂಡು ರೇಷ್ಮೆಹುಳು ಸಾಕುವ ಮನೆಗೆ ನುಗ್ಗಿದ್ದಳು. ಹುಳುಗಳು ಇನ್ನೇನು ಗೂಡು ಕಟ್ಟಬೇಕಿತ್ತು. ಘಾಟು ವಾಸನೆ ಅವಕ್ಕೆ ಆಗದೆಂದು ಅಂಥ ದಿನಗಳಲ್ಲಿ ನಮ್ಮತ್ತೆ ದೇವರಿಗೆ ಊದುಬತ್ತಿಯನ್ನೂ ಹಚ್ಚುವುದಿಲ್ಲ.

ಅದೇ ಹೊತ್ತಿಗೆ ಶಿಡ್ಲಘಟ್ಟದಿಂದ ಅವಳ ಕೋಚ್ ಬಂದರು. ಆಟಗಾರ್ತಿ ಏನು ತಿನ್ನಬೇಕು ಎಂದು ನಮಗೆ ತಿಳಿಸಿ ಹೇಳಲು ಬಂದವರು ಮೊಟ್ಟೆ, ಬಾಳೆಹಣ್ಣು ಎಲ್ಲ ಮರೆತು ಗೇಟಿನಲ್ಲೇ ನಿಂತುಬಿಟ್ಟರು. ಮಗಳು ನೀರಿನ ಪೈಪು ಹಾರಿ, ಬದು ದಾಟಿ ಕಣ್ಮರೆಯಾದಳು.

"ಅಜ್ಜಿ, ಗ್ರೌಂಡಲ್ಲಿ ಇವಳು ಒಂದಿನಾನೂ ಇಷ್ಟು ಜೋರಾಗಿ ಓಡಿಲ್ಲ," ಎಂದರು ಕೋಚ್.

ಅತ್ತೆ ಏದುಸಿರು ಬಿಡುತ್ತಾ, "ನೋವಿನ ಸ್ಪ್ರೇ ಹೊಡ್ಕೊಂಡು ನೀನೂ ಹುಳದ ಮನೆಗೆ ನುಗ್ಗಿ ನೋಡಪ್ಪ, ಅವಳಿಗಿಂತ ಜೋರಾಗಿ ಓಡ್ತೀಯ," ಎಂದರು.

ಪುಣ್ಯಕ್ಕೆ ಹುಳುಗಳಿಗೆ ಏನೂ ಆಗಲಿಲ್ಲ, ಗೂಡು ಚೆನ್ನಾಗಿಯೇ ಬಂತು. ಈಗ ಮಗಳ ಚೀಲದಲ್ಲಿ ಸ್ಪ್ರೇ ಇರುವುದಿಲ್ಲ. ಅತ್ತೆ ಹುರಿದುಕೊಟ್ಟ ಕಡ್ಲೆಕಾಯಿ, ಬೆಲ್ಲ ಇರುತ್ತವೆ. ಅಭ್ಯಾಸದಲ್ಲಿ ಅವಳ ಓಟ ನಿಧಾನವಾದರೆ ಕೋಚ್ ಸೀಟಿ ಊದುವುದಿಲ್ಲವಂತೆ. "ಅಜ್ಜಿ ಬಂದ್ರು," ಅನ್ನುತ್ತಾರಂತೆ, ಅಷ್ಟೇ.