ಹೀಟ್ಸಿನಲ್ಲಿ ತಣ್ಣಗಿದ್ದವಳು

ಮೊನ್ನೆ ಟಿವಿಯಲ್ಲಿ ಓಟಗಾರರ ಮೈಬಿಸಿಯನ್ನು ಬಣ್ಣದಲ್ಲಿ ತೋರಿಸುವ ಕ್ಯಾಮೆರಾ ನೋಡಿದೆ. ಎಲ್ಲರಿಗಿಂತ ಮುಂದೆ ಓಡುತ್ತಿದ್ದವಳ ಹಣೆ, ತೋಳು ಬೆವರಿಗೆ ತಣಿದು ನೀಲಿಯಾಗಿದ್ದವು. ನಮ್ಮ ಡ್ರಿಲ್ ಮಾಸ್ಟ್ರ ನೆನಪಾಗಿ ನನಗೆ ಮೈಯೆಲ್ಲ ಉರಿಯಿತು.

ಎಪ್ಪತ್ತರ ದಶಕದ ಕೊನೆ. ಕಡಬದ ಹತ್ತಿರ ಹೈಸ್ಕೂಲಿನಲ್ಲಿದ್ದೆ. ಓಟದ ಮೊದಲ ಸುತ್ತಿಗೆ 'ಹೀಟ್ಸ್' ಎನ್ನುತ್ತಾರಲ್ಲ, ಓಡಿದವರ ಮೈ ಎಷ್ಟು ಬಿಸಿಯಾಯಿತೆಂದು ನೋಡುವುದಕ್ಕೇ ಆ ಹೆಸರು ಎಂದು ನಮ್ಮ ಮಾಸ್ಟ್ರು ನಂಬಿದ್ದರು. ಹುಡುಗರ ಕುತ್ತಿಗೆಗೆ ಅವರೇ ಕೈಯಿಟ್ಟು ನೋಡುತ್ತಿದ್ದರು. ಹುಡುಗಿಯರನ್ನು ಮುಟ್ಟುವಂತಿಲ್ಲ, ಅದಕ್ಕೆ ಹೊಲಿಗೆ ಟೀಚರು. ಅವರು ಮುಟ್ಟಿ ಕೂಗಿ ಹೇಳಬೇಕು. ತಣ್ಣಗಿದ್ದವರು ಮೈಗಳ್ಳರು.

ಪುತ್ತೂರಿನ ಕ್ರೀಡಾಕೂಟಕ್ಕೆ ನಾನೂ ನನ್ನ ಗೆಳತಿಯೂ ಹೋಗಿದ್ದೆವು. ಅವಳು ಕೇರಳದಿಂದ ಬಂದು ರಬ್ಬರ್ ತೋಟ ಮಾಡಿದವರ ಮಗಳು. ಫೈನಲಿನಲ್ಲಿ ಗೆದ್ದರೆ ಮಾತ್ರ ಮುಂದೆ ಓಡಲು ಬಿಡುವುದು ಎಂದು ಅವಳ ಅಪ್ಪ ಹೇಳಿದ್ದರು. ಆದರೆ ಒಂದು ಶಾಲೆಯಿಂದ ಫೈನಲಿಗೆ ಒಬ್ಬಳೇ; ಯಾರು ಎಂಬುದು ಮಾಸ್ಟ್ರ ಇಷ್ಟ. ಹೀಟ್ಸಿನಲ್ಲಿ ಅವಳು ಮೊದಲು ಬಂದಳು. ನಾನು ಎಷ್ಟೋ ಹಿಂದೆ, ಏದುಸಿರು ಬಿಡುತ್ತಾ.

ಟೀಚರು ಇಬ್ಬರ ಕುತ್ತಿಗೆಯನ್ನೂ ಮುಟ್ಟಿದರು. "ಇವಳದ್ದು ಬಿಸಿ ಉಂಟು ಮಾಸ್ಟ್ರೆ. ಅವಳದ್ದು ಐಸು!"

"ನನಗೆ ಬೆಳಿಗ್ಗೆಯಿಂದ ಜ್ವರ ಸರ್" ಎಂದೆ.

"ಓಡಿದವರಿಗೆ ಬರುವ ಬಿಸಿ ಅದು, ನೀನು ಸುಮ್ಮನಿರು." ಮಾಸ್ಟ್ರು ಅವಳ ಕಡೆ ತಿರುಗಿದರು. "ನೀನೆಂತ, ಹೊಳೆಯಲ್ಲಿ ಮುಳುಗಿ ಬಂದದ್ದಾ? ಮೈಗಳ್ಳಿ!"

"ನಾನಲ್ವಾ ಸರ್ ಫಸ್ಟು?"

"ಫಸ್ಟು ಬರ್ಲಿಕ್ಕೆ ಯಾರಿಗೂ ಆಗ್ತದೆ. ಮೈ ಬಿಸಿ ಆಗ್ಬೇಕು."

ಸುತ್ತ ನಿಂತವರೆಲ್ಲ ನಕ್ಕರು. ಆ ಮನುಷ್ಯನಿಗೆ ಯಾರಾದರೂ ಒಮ್ಮೆ ಸರಿಯಾಗಿ ಬಿಸಿ ಮುಟ್ಟಿಸಬೇಕಿತ್ತು. ಯಾರೂ ಮುಟ್ಟಿಸಲಿಲ್ಲ.

ಫೈನಲಿಗೆ ನನ್ನನ್ನೇ ನಿಲ್ಲಿಸಿದರು. ಅವಳು ನನ್ನ ಚಪ್ಪಲಿ ಹಿಡಿದುಕೊಂಡು ಗೆರೆಯ ಪಕ್ಕ ನಿಂತಿದ್ದಳು. ನಾನು ಎಲ್ಲರಿಗಿಂತ ಕೊನೆಗೆ ಬಂದು ಅಲ್ಲೇ ಕಕ್ಕಿದೆ. ಟೀಚರು ಮುಟ್ಟಿ "ಕೆಂಡ, ಮಾಸ್ಟ್ರೆ!" ಎಂದರು. ಮಾಸ್ಟ್ರು ಚಪ್ಪಾಳೆ ತಟ್ಟಿದರು.

ವಾಪಸು ಬರುವ ಬಸ್ಸಿನಲ್ಲಿ ನನಗೆ ತಲೆ ಎತ್ತಲಾಗಲಿಲ್ಲ. ಮಾಸ್ಟ್ರು ಅವಳನ್ನು ಎಬ್ಬಿಸಿ ನನ್ನ ಪಕ್ಕದಲ್ಲಿ ಕೂರಿಸಿದರು.

"ಇವಳ ಹಣೆ ಮೇಲೆ ಕೈ ಇಡು ಮಾರಾಯ್ತಿ. ನಿನ್ನ ತಣ್ಣಗಿನ ಮೈ ಇದಕ್ಕಾದರೂ ಉಪಯೋಗ ಆಗ್ಲಿ."

ಅವಳು ಇಟ್ಟಳು. ಕಡಬ ಬರುವವರೆಗೂ ತೆಗೆಯಲಿಲ್ಲ. ಮತ್ತೆಂದೂ ಓಡಲೂ ಇಲ್ಲ.